ವಸಂತ್ ಕುಂಜಿನ ಫ್ರಿಜ್ಜಿನಲ್ಲಿ ದಕ್ಷಿಣ ಸಾಗರ

ಹಳೆಯ ಒಂಟಿ ಬಾಗಿಲ ಫ್ರಿಜ್ಜನ್ನು ಆಫ್ ಮಾಡಿ, ಬಾಗಿಲು ತೆರೆದಿಟ್ಟು, ಒಳಗೆ ಕಟ್ಟಿದ ಹಿಮ ಕರಗಲು ಬಿಟ್ಟಾಗ ಒಂದು ವಾಸನೆ ಬರುತ್ತದೆ. ಒದ್ದೆ ಅಲ್ಯೂಮಿನಿಯಂ, ಬಾಡಿದ ಕೊತ್ತಂಬರಿ, ಯಾವ ಕಾಲದ್ದೋ ನಿಂಬೆಹೋಳು ಎಲ್ಲ ಬೆರೆತ ತಣ್ಣನೆಯ ವಾಸನೆ. ಅದನ್ನು ಸುವಾಸನೆ ಎಂದು ಯಾರೂ ಹೇಳಲಾರರು. ಕಳೆದ ತಿಂಗಳು ಮೈಸೂರಿನ ನನ್ನ ಅಡುಗೆಮನೆಯಲ್ಲಿ, ನೆಲದ ಮೇಲೆ ಹಳೇ ಟವೆಲ್ ಹಾಸಿಕೊಂಡು ಆ ಕೆಲಸಕ್ಕೆ ಕೂತಿದ್ದಾಗ ಆ ವಾಸನೆ ಮೂಗಿಗೆ ಬಡಿಯಿತು, ನನಗೆ ಎದ್ದು ಕುಣಿಯಬೇಕೆನಿಸಿತು. "ಅಮ್ಮ, ಒಬ್ಬಳೇ ಯಾಕೆ ನಗ್ತಿದ್ದೀಯ?" ಎಂದು ಮಗಳು ಕೇಳಿದಳು. ಏನು ಹೇಳಲಿ? ಒಂದು ಬೇಸಿಗೆ ಪೂರ್ತಿ ನಾನು ಇಂಥದೇ ಒಂದು ಫ್ರಿಜ್ಜಿನ ಮುಂದೆ ಪೂಜೆಗೆ ಕೂತವಳಂತೆ ಕೂತಿದ್ದೆ, ಅದರೊಳಗೆ ದಕ್ಷಿಣ ಧ್ರುವದ ಸಮುದ್ರವಿತ್ತು ಎಂದರೆ ಅವಳು ನಂಬುವಳೇ?

ಅದು ದೆಹಲಿಯ ಬೇಸಿಗೆ. ಇನ್ನೂ ಎಲ್ಲ ಕಡೆಗೆ ಮೆಟ್ರೋ ಬಂದಿರದ, ಮೊಬೈಲಿನಲ್ಲಿ ದುಡ್ಡು ಉಳಿಸಲು ಎಲ್ಲರೂ ಮಿಸ್ಡ್ ಕಾಲ್ ಕೊಡುತ್ತಿದ್ದ ಕಾಲ. ನಾನು ಅಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದೆ. ಹಾಸ್ಟೆಲಿನಲ್ಲಿ ಜಾಗ ಸಿಗದೆ ಹತ್ತಿರದ ವಸಂತ್ ಕುಂಜಿನಲ್ಲಿ, ಸರ್ಕಾರ ಕಟ್ಟಿಸಿದ ಫ್ಲ್ಯಾಟೊಂದರ ಮೇಲ್ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ತಿಪಟೂರಿನಿಂದ ಹೋದವಳು, ಇಪ್ಪತ್ತೈದರ ಹುರುಪು, ಮೂಗಿನ ತುದಿಯಲ್ಲಿ ಕೋಪ, ತಲೆಯಲ್ಲಿ ಒಂದೇ ಆಸೆ: ಹಡಗು ಹತ್ತಬೇಕು. ಬೇರೆ ಹುಡುಗಿಯರು ಸರೋಜಿನಿ ನಗರದ ಸಂತೆಯಲ್ಲಿ ಕುರ್ತಾ ಆರಿಸುವಾಗ ನಾನು ಚಳಿಗಾಲದ ಸೆಕೆಂಡ್ ಹ್ಯಾಂಡ್ ಜಾಕೆಟ್ಟುಗಳನ್ನು ಮುಟ್ಟಿ ನೋಡುತ್ತಿದ್ದೆ.

ನನ್ನ ಗೈಡ್ ಘೋಷಾಲ್ ಸರ್ ಆ ವರ್ಷವಷ್ಟೇ ಹಡಗಿನಲ್ಲಿ ದಕ್ಷಿಣ ಸಾಗರಕ್ಕೆ ಹೋಗಿ ಬಂದಿದ್ದರು. ಮಾರ್ಚಿನ ಒಂದು ಮಧ್ಯಾಹ್ನ ವಿಮಾನ ನಿಲ್ದಾಣದಿಂದ ಸೀದಾ ಲ್ಯಾಬಿಗೆ ಬಂದವರ ತೋಳಿನಲ್ಲಿ ನೀಲಿ ಐಸ್‌ಬಾಕ್ಸ್ ಇತ್ತು. ಹೆರಿಗೆ ಆಸ್ಪತ್ರೆಯಿಂದ ಮಗು ಎತ್ತಿಕೊಂಡು ಬಂದ ಹಾಗೆ ಅದನ್ನು ಹಿಡಿದಿದ್ದರು. ಒಳಗೆ ಪ್ಲಾಸ್ಟಿಕ್ಕಿನ ಪುಟ್ಟ ಪುಟ್ಟ ಚಪ್ಪಟೆ ಬಾಟಲಿಗಳು, ಅವುಗಳಲ್ಲಿ ಅರ್ಧರ್ಧ ನೀರು, ಸೋಸಿದ ಚಹಾದಷ್ಟು ತೆಳುವಾದ ಕಂದು ಬಣ್ಣ. ಮಂಜುಗಡ್ಡೆಗಳ ನಡುವೆ ಬಕೆಟ್ ಇಳಿಬಿಟ್ಟು ಎತ್ತಿದ ಮೇಲ್ಮೈ ನೀರು ಅದು.

ಆ ನೀರು ಬರಿಗಣ್ಣಿಗೆ ಏನೂ ಅಲ್ಲ. ಆದರೆ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟ ದಿನ ನನಗೆ ಊಟ ಸೇರಲಿಲ್ಲ, ಅಷ್ಟು ಸಂಭ್ರಮ. ಅಲ್ಲೊಂದು ಊರೇ ಇತ್ತು. ಡಯಾಟಮ್ ಎನ್ನುವ ಪಾಚಿಯ ಜಾತಿ ಅವು. ಒಂದೇ ಕೋಶದ ಜೀವಿಗಳು, ಒಂದೊಂದೂ ತನಗೆ ತಾನೇ ಗಾಜಿನ ಡಬ್ಬಿ ಕಟ್ಟಿಕೊಂಡು ಅದರೊಳಗೆ ಕೂತಿರುತ್ತದೆ. ಕೆಲವಕ್ಕೆ ಉದ್ದುದ್ದ ಮುಳ್ಳು, ಕೆಲವು ಪಕ್ಕಕ್ಕೆ ಪಕ್ಕ ಅಂಟಿಕೊಂಡು ಜಡೆಯ ರಿಬ್ಬನ್ ಹಾಗೆ ಸಾಲುಗಟ್ಟುತ್ತವೆ. ಬಿಸಿಲು ತಿಂದು ಬದುಕುವ ಇವನ್ನು ಸೀಗಡಿಯಂಥ ಚಿಕ್ಕ ಜೀವಿಗಳು ತಿನ್ನುತ್ತವೆ, ಅವನ್ನು ತಿಮಿಂಗಿಲ ತಿನ್ನುತ್ತದೆ. ಅಷ್ಟು ದೊಡ್ಡ ತಿಮಿಂಗಿಲದ ಊಟದ ಮೊದಲ ಅಗುಳು ಈ ಕಣ್ಣಿಗೆ ಕಾಣದ ಡಬ್ಬಿ ಎಂದು ತಿಳಿದಾಗ ನನಗೆ ಯಾರನ್ನಾದರೂ ಹಿಡಿದು ಅಲ್ಲಾಡಿಸಿ ಹೇಳಬೇಕೆನಿಸುತ್ತಿತ್ತು. ಮೆಸ್ಸಿನಲ್ಲಿ ರಾಜ್ಮಾ ಬಡಿಸುವವನಿಗೂ ಹೇಳಿದ್ದೇನೆ.

ಬಾಟಲಿಗಳಲ್ಲಿ ಎಲ್ಲ ಜಾತಿಯೂ ಕಲಸಿಹೋಗಿದ್ದವು. ಸರ್‌ಗೆ ಬೇಕಿದ್ದದ್ದು ಆ ರಿಬ್ಬನ್ನಿನವು ಮಾತ್ರ. ಅವನ್ನು ಬೇರೆ ಮಾಡಿ ಬೆಳೆಸಬೇಕೆಂದು ಅವರೂ ನಾನೂ ಕೂದಲೆಳೆಯಂಥ ಗಾಜಿನ ಕೊಳವೆ ಹಿಡಿದು, ಉಸಿರು ಬಿಗಿಹಿಡಿದು, ಒಂದೊಂದೇ ಕೋಶವನ್ನು ಹೀರಿ ಬೇರೆ ಬಾಟಲಿಗೆ ಹಾಕುತ್ತಿದ್ದೆವು. ವಾರ ಕಳೆಯುವುದರಲ್ಲಿ ಹೇಗೋ ನುಸುಳಿಕೊಂಡು ಬಂದ ಮುಳ್ಳಿನವು ಹೊಸ ಬಾಟಲಿಯನ್ನೂ ತುಂಬಿಕೊಳ್ಳುತ್ತಿದ್ದವು. ಮದುವೆ ಮನೆಗೆ ಕರೆಯದೆ ಬಂದ ನೆಂಟರು ಮೊದಲ ಪಂಕ್ತಿಯಲ್ಲೇ ಕೂತಂತೆ.

ಏಪ್ರಿಲಿನಲ್ಲಿ ಸರ್ ಒಂದು ಮಾತು ಹೇಳಿದರು. "ರೇಣುಕಾ, ಬೇರೆ ಮಾಡುವುದು ಆಮೇಲಾಗಲಿ. ಮಳೆ ಬರುವ ತನಕ ಇವನ್ನು ಜೀವಂತ ಉಳಿಸು. ಉಳಿಸಿದರೆ ಮುಂದಿನ ಹಡಗಿಗೆ ನಿನ್ನ ಹೆಸರು ಬರೆದು ಕಳಿಸುತ್ತೇನೆ. ಕೂತಲ್ಲಿ ಪಾಚಿ ಸಾಕಲು ಬಾರದವಳನ್ನು ಅಷ್ಟು ದೂರ ಕಳಿಸಿ ನಾನೇನು ಮಾಡಲಿ?" ಅವರು ತಮಾಷೆಗೆ ಹೇಳುವವರಲ್ಲ. ಹೀಗೆ ಹೇಳಿ ಮಗಳ ಮದುವೆಗೆಂದು ಉದ್ದನೆಯ ರಜೆ ಹಾಕಿ ಕೋಲ್ಕತ್ತಾಕ್ಕೆ ಹೊರಟರು.

ನಮ್ಮ ಲ್ಯಾಬಿನ ಮೂಲೆಯಲ್ಲಿ ಬೀರುವಿನಷ್ಟು ಎತ್ತರದ ಒಂದು ಶೀತಪೆಟ್ಟಿಗೆ ಇತ್ತು. ಒಳಗೆ ಟ್ಯೂಬ್‌ಲೈಟು, ಚಳಿ, ಧ್ರುವದ ಹವೆ. ಹೊರಗೆ ಮೇ ತಿಂಗಳ ಲೂ ಎನ್ನುವ ಬಿಸಿಗಾಳಿ ಕಿಟಕಿಯ ಗಾಜನ್ನು ಕಾಯಿಸುತ್ತಿದ್ದರೆ ನಾನು ಆ ಪೆಟ್ಟಿಗೆಯ ಬಾಗಿಲು ತೆಗೆದು, ಬಾಟಲಿಗಳನ್ನು ಒಂದೊಂದಾಗಿ ಮೆಲ್ಲಗೆ ಅಲುಗಿಸಿ, ಬಣ್ಣ ನೋಡಿ, ಬಾಗಿಲು ಹಾಕುತ್ತಿದ್ದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಮೇ ನಡುವಿನಲ್ಲಿ ಕರೆಂಟು ಹೋಗಿ ಬಂದು, ಹೋಗಿ ಬಂದು, ಒಂದು ಸಲ ಬಂದಾಗ ಪೆಟ್ಟಿಗೆಯಿಂದ ಸುಟ್ಟ ವಾಸನೆ ಬಂತು. ರಿಪೇರಿಯವನು ಬಂದು ಹಿಂದಿನ ತಗಡು ಬಿಚ್ಚಿ ನೋಡಿ, "ಕಂಪ್ರೆಸರ್ ಗಯಾ, ಮೇಡಂ. ಬಂಬಯಿ ಸೇ ಆಯೇಗಾ" ಎಂದ. ಯಾವಾಗ ಬರುತ್ತದೆ ಎಂದು ಕೇಳಿದರೆ ಕೈ ಆಕಾಶಕ್ಕೆ ತೋರಿಸಿದ.

ಕೋಲ್ಕತ್ತಾಕ್ಕೆ ಫೋನು ಹಚ್ಚಿದೆ. ಹಿಂದೆ ಶಹನಾಯಿ ಕೇಳಿಸುತ್ತಿತ್ತು. ಸರ್ ಹೇಳಿದರು: "ಎಲ್ಲವನ್ನೂ ಒಂದೇ ಕಡೆ ಇಡಬೇಡ. ಅರ್ಧ ಪಕ್ಕದ ಲ್ಯಾಬಿನ ಫ್ರಿಜ್ಜಿಗೆ, ಅರ್ಧ ಯಾವುದಾದರೂ ಮನೆಯ ಫ್ರಿಜ್ಜಿಗೆ. ಬೆಳಕು ಇಲ್ಲದಿದ್ದರೂ ಚಿಂತೆಯಿಲ್ಲ, ಅವು ಧ್ರುವದ ಚಳಿಗಾಲವನ್ನು ಕತ್ತಲಲ್ಲೇ ಕಳೆಯುತ್ತವೆ. ಸೆಕೆ ತಾಗಬಾರದು. ಮತ್ತೆ ಇನ್ನೊಂದು, ಹೆಪ್ಪುಗಟ್ಟಲೂಬಾರದು. ಹೆಪ್ಪುಗಟ್ಟಿದರೆ ಕೋಶ ಒಡೆದು ಸಾಯುತ್ತವೆ, ಆಮೇಲೆ ದೇವರೂ ಕಾಪಾಡಲಾರ."

ಮನೆಯ ಫ್ರಿಜ್ಜು ಎಂದಾಗ ನನಗೆ ಹೊಳೆದದ್ದು ಒಂದೇ ಮನೆ. ನನ್ನ ಕೋಣೆಯ ಕೆಳಗಿನ ಮಹಡಿಯಲ್ಲಿ ಚಿತ್ರದುರ್ಗದ ವಿಶಾಲಾಕ್ಷಿ ಆಂಟಿ ಇದ್ದರು. ಅವರ ಯಜಮಾನರು ನಂಜುಂಡಯ್ಯ ಅಂಕಲ್ ಕೇಂದ್ರ ಸರ್ಕಾರದ ಯಾವುದೋ ಸಚಿವಾಲಯದಲ್ಲಿ ಸೆಕ್ಷನ್ ಆಫೀಸರಾಗಿ ನಿವೃತ್ತರಾದವರು. ಮೂವತ್ತು ವರ್ಷದ ಮೇಲೆ ದೆಹಲಿಯಲ್ಲಿದ್ದರೂ ಆಂಟಿ ಮನೆಯಲ್ಲಿ ಸಾರಿಗೆ ಒಗ್ಗರಣೆ ಬಿದ್ದರೆ ಮೆಟ್ಟಿಲಲ್ಲಿ ಹೋಗುವ ಪಂಜಾಬಿಗಳೂ ನಿಂತು ಮೂಸುತ್ತಿದ್ದರು. ನನಗೆ ವಾರಕ್ಕೆರಡು ದಿನ ಅಲ್ಲೇ ಊಟ. ಅದಕ್ಕಿಂತ ಹೆಚ್ಚಿನ ಸಲುಗೆ ಕೇಳಲು ಮುಖ ಬೇಕಲ್ಲ, ಅದು ನನಗಿತ್ತು.

ಥರ್ಮೋಕೋಲ್ ಡಬ್ಬಿಯಲ್ಲಿ ಬರ್ಫಿನ ಅಂಗಡಿಯ ಒಡೆದ ಐಸು ತುಂಬಿ, ನಡುವೆ ಬಾಟಲಿಗಳನ್ನು ಟವೆಲಿನಲ್ಲಿ ಸುತ್ತಿಟ್ಟು, ಆಟೋ ಹತ್ತಿದೆ. ಬಿಸಿಗಾಳಿಗೆ ದುಪಟ್ಟಾವನ್ನು ಮುಖಕ್ಕೆಲ್ಲ ಸುತ್ತಿಕೊಂಡು, ಡಬ್ಬಿಯನ್ನು ಎದೆಗವಚಿ ಕೂತ ನನ್ನನ್ನು ಆಟೋದವನು ಕನ್ನಡಿಯಲ್ಲಿ ನೋಡಿ, "ಕುಲ್ಫಿ ಹೈ ಕ್ಯಾ?" ಎಂದ. "ಸಮಂದರ್ ಹೈ, ಭಯ್ಯಾ" ಎಂದೆ. "ಅಚ್ಛಾ" ಎಂದು ಸುಮ್ಮನೆ ಓಡಿಸಿದ. ದೆಹಲಿಯ ಆಟೋದವರು ಸಮುದ್ರವನ್ನೂ ಮೀಟರಿಗಿಂತ ಇಪ್ಪತ್ತು ಜಾಸ್ತಿ ಕೊಟ್ಟರೆ ಒಯ್ಯುತ್ತಾರೆ.

ಆಂಟಿ ಬಾಗಿಲು ತೆಗೆದು, ಡಬ್ಬಿ ನೋಡಿ, ವಿಷಯ ಕೇಳಿ, ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತರು.

"ಇವು ಏನು ತಿನ್ನುತ್ವೆ?"

"ಏನೂ ತಿನ್ನಲ್ಲ ಆಂಟಿ. ಬಿಸಿಲು, ಒಂದಿಷ್ಟು ಉಪ್ಪು ನೀರು."

"ಹುಳ ಅಲ್ಲ ತಾನೇ?"

"ಅಲ್ಲ. ಗಿಡದ ಹಾಗೆ. ಪಾಚಿ."

"ನೋಡು, ನನ್ನ ಫ್ರಿಜ್ಜಲ್ಲಿ ಮೊಟ್ಟೆ ಸಹ ಇಟ್ಟಿಲ್ಲ ಇವತ್ತಿನವರೆಗೆ. ನಮ್ಮ ಸೊಸೆ ಕೇಕು ತಂದ್ರೂ ಬೇರೆ ಡಬ್ಬಿ." ಸ್ವಲ್ಪ ಯೋಚಿಸಿದರು. "ಬಿಸಿಲು ತಿಂದು ಬದುಕ್ತಾವೆ ಅಂದ್ರೆ ನಮಗಿಂತ ಸಾತ್ವಿಕ ಬಿಡು. ಮೊಸರಿನ ಪಕ್ಕ ಬೇಡ. ಸೊಪ್ಪಿನ ಪಕ್ಕ ಇಡು."

ಹೀಗೆ ದಕ್ಷಿಣ ಸಾಗರ ಮೆಂತ್ಯದ ಸೊಪ್ಪಿನ ಪಕ್ಕ ಕೂತಿತು. ಆ ಫ್ರಿಜ್ಜೋ ಅಂಕಲ್ ನೌಕರಿಯ ಮೊದಮೊದಲ ದಿನಗಳದ್ದು, ತಿಳಿ ಹಸಿರು ಬಣ್ಣ, ಓಡುವಾಗ ಟ್ರಾಕ್ಟರಿನ ಸದ್ದು. ಮೇಲೆ ಫ್ರೀಜರಿನ ಪ್ಲಾಸ್ಟಿಕ್ ಬಾಗಿಲು ಅರ್ಧ ಮುರಿದು, ರಬ್ಬರ್ ಬ್ಯಾಂಡಿನಲ್ಲಿ ನಿಂತಿತ್ತು. ಆದರೆ ಚಳಿಯಲ್ಲಿ ಮೋಸವಿರಲಿಲ್ಲ.

ಕರೆಂಟಿನದೇ ಯೋಚನೆ. ಅದಕ್ಕೆ ಅಂಕಲ್ ಒಂದು ವ್ಯವಸ್ಥೆ ಮಾಡಿದರು. ಇಡೀ ಜನ್ಮ ಫೈಲು ನಡೆಸಿದ ಮನುಷ್ಯ, ಕೈಗೊಂದು ಕೆಲಸ ಸಿಕ್ಕಿದ್ದೇ ಹತ್ತು ವರ್ಷ ಚಿಕ್ಕವರಾದರು. ಕರೆಂಟು ಹೋದರೆ ನನಗೆ ಒಂದು ಮಿಸ್ಡ್ ಕಾಲ್, ಬಂದರೆ ಎರಡು. ಹೋಗಿ ತುಂಬಾ ಹೊತ್ತಾದರೆ ಅವರೇ ಛತ್ರಿ ಹಿಡಿದು ಮಾರ್ಕೆಟ್ಟಿಗೆ ಹೋಗಿ, ಬರ್ಫಿನವನಿಂದ ಗೋಣಿಯಲ್ಲಿ ಸುತ್ತಿದ ಮಂಜಿನ ಇಟ್ಟಿಗೆ ತಂದು ಬಾಟಲಿಗಳ ಪಕ್ಕ ಇಡುವರು. ಲ್ಯಾಬಿನಲ್ಲಿ ನನ್ನ ಫೋನು ಒಂದು ಸಲ ಮಿಡಿದು ಸುಮ್ಮನಾದರೆ ನನ್ನ ಎದೆಯೂ ಒಂದು ಬಡಿತ ತಪ್ಪುವುದು. ಎರಡು ಸಲ ಮಿಡಿದರೆ ಪಕ್ಕದಲ್ಲಿದ್ದವರಿಗೆಲ್ಲ ಚಹಾ ಕೊಡಿಸುವಷ್ಟು ಖುಷಿ.

"ನಾವು ಬೆವರ್ತಾ ಕೂತ್ಕೊಳ್ಳೋದು, ಪಾಚಿ ತಂಪಾಗಿರೋದು" ಎಂದು ಅಂಕಲ್ ಸಂಜೆ ಬೀಸಣಿಗೆ ಬೀಸಿಕೊಳ್ಳುತ್ತಾ ಗೊಣಗುತ್ತಿದ್ದರು. ಗೊಣಗಿದರೂ ಫ್ರಿಜ್ಜಿನ ಬಾಗಿಲನ್ನು ಯಾರಾದರೂ ಎರಡು ಗಳಿಗೆ ಜಾಸ್ತಿ ತೆರೆದು ನಿಂತರೆ ಮೊದಲು ಕೂಗುವವರು ಅವರೇ.

ಸಂಜೆ ನಾನು ಬಂದ ಕೂಡಲೆ ಚಪ್ಪಲಿ ಬಿಟ್ಟು ಫ್ರಿಜ್ಜಿನ ಮುಂದೆ ಮಂಡಿಯೂರುತ್ತಿದ್ದೆ. ಬಾಟಲಿಗಳನ್ನು ಬೆಳಕಿಗೆ ಹಿಡಿದು ಬಣ್ಣ ನೋಡುತ್ತಿದ್ದೆ. ಆಂಟಿ ಹುರಳಿಕಾಯಿ ಬಿಡಿಸುತ್ತಾ ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಹೇಳುವುದರಲ್ಲಿ ನನಗೆ ಮಿತಿಯೇ ಇರಲಿಲ್ಲ. ಅಲ್ಲಿ ಚಳಿಗಾಲ ಬಂದರೆ ಸಮುದ್ರವೇ ಗಟ್ಟಿಯಾಗುತ್ತದೆ, ಹಡಗು ಹೋಗುವ ಜಾಗದಲ್ಲಿ ನಡೆದುಕೊಂಡು ಹೋಗಬಹುದು, ಕೆಲವು ಡಯಾಟಮ್‌ಗಳು ಆ ಮಂಜಿನ ಒಳಗೇ ಇರುತ್ತವೆ ಎಂದೆಲ್ಲ ನಾನೇ ಕಣ್ಣಾರೆ ಕಂಡವಳ ಹಾಗೆ ವರ್ಣಿಸುತ್ತಿದ್ದೆ.

"ಮಂಜಿನ ಒಳಗೇನೇ?" ಎಂದು ಆಂಟಿ ಕೈ ನಿಲ್ಲಿಸಿ ಕೇಳಿದ್ದು ನೆನಪಿದೆ.

"ಒಳಗೇ ಆಂಟಿ. ಅದೇ ಅವುಗಳ ಮನೆ."

"ಪಾಪ, ಇಲ್ಲಿ ಸೊಪ್ಪಿನ ಪಕ್ಕ ಬಿದ್ದಿವೆ" ಎಂದರು. ಆ ಮಾತಿಗೆ ನಾನು ನಕ್ಕು ಎದ್ದುಹೋದೆ.

ಜೂನ್ ಮೊದಲ ವಾರ ಸೆಕೆ ತಾರಕಕ್ಕೆ ಏರಿತು. ಒಂದು ಶನಿವಾರ ಕ್ಯಾಂಪಸ್ಸಿನಲ್ಲಿ ಕೇಬಲ್ಲು ಸುಟ್ಟು ನಮ್ಮ ಕಟ್ಟಡ ಪೂರ್ತಿ ಕತ್ತಲಾಯಿತು. ಭಾನುವಾರವೂ ಸರಿಯಾಗಲಿಲ್ಲ. ಕಟ್ಟಡಕ್ಕೆ ಬೀಗ, ಕಾವಲಿನವನು ಒಳಗೆ ಬಿಡಲೊಲ್ಲ, ಬಿಡಲು ಅವನ ಕೈಯಲ್ಲಿ ಕೀಲಿಯೂ ಇಲ್ಲ. ಸೋಮವಾರ ಬೆಳಿಗ್ಗೆ ಪಕ್ಕದ ಲ್ಯಾಬಿನ ಫ್ರಿಜ್ಜಿನ ಬಾಗಿಲು ತೆಗೆದಾಗ ಒಳಗಿನಿಂದ ಬೆಚ್ಚನೆ ಗಾಳಿ ಬಂತು. ಬಾಟಲಿಗಳ ಕಂದು ಬಣ್ಣ ಹೋಗಿ ಬೂದಿ ನೀರಾಗಿತ್ತು, ತಳದಲ್ಲಿ ಬಿಳಿ ಕೆಸರು. ಒಂದು ಹನಿ ನೋಡಿದೆ. ಖಾಲಿ ಡಬ್ಬಿಗಳು. ಊರು ಖಾಲಿಯಾಗಿತ್ತು.

ಅತ್ತೆ. ಮುಚ್ಚಿಡುವುದೇನು, ಗೋಡೆಗೊರಗಿ ಅತ್ತೆ. ಆಮೇಲೆ ಕಣ್ಣೊರೆಸಿಕೊಂಡು, ಆಂಟಿ ಮನೆಯ ಅರ್ಧವಾದರೂ ಇದೆಯಲ್ಲ, ಅಷ್ಟು ಸಾಕು, ಒಂದು ಬಾಟಲಿ ಉಳಿದರೂ ಸಾಕು ಎಂದುಕೊಂಡು ಆಟೋ ಹಿಡಿದೆ. ಶನಿವಾರದಿಂದ ಕೀಲಿಗಾಗಿ ಅಲೆದಾಡಿದ ಗಲಾಟೆಯಲ್ಲಿ ಎರಡು ದಿನ ಆಂಟಿಯ ಮನೆಗೆ ಹೋಗಿರಲಿಲ್ಲ. ಅಂಕಲ್ ಮಿಸ್ಡ್ ಕಾಲ್‌ಗಳು ಮಾತ್ರ ತಪ್ಪದೆ ಬಂದಿದ್ದವು, ಹೋದದ್ದಕ್ಕೊಂದು, ಬಂದದ್ದಕ್ಕೆರಡು. ಅದನ್ನೇ ನೆಚ್ಚಿಕೊಂಡಿದ್ದೆ.

ಮನೆ ಹೊಕ್ಕು ಫ್ರಿಜ್ಜಿನ ಬಾಗಿಲು ತೆಗೆದರೆ ಒಳಗೆಲ್ಲ ಮಾವಿನಹಣ್ಣು. ಸೊಪ್ಪಿನ ಜಾಗದಲ್ಲಿ ಮಾವು, ಮೊಸರಿನ ಪಕ್ಕ ಮಾವು, ಬಾಗಿಲಿನ ಬಾಟಲಿ ಗೂಡಿನಲ್ಲೂ ಮಾವು. ನನ್ನ ಬಾಟಲಿ ಒಂದೂ ಇಲ್ಲ.

"ನಮ್ಮ ತಮ್ಮ ಇಂದಿರಾಪುರಂನಿಂದ ಒಂದು ಪೆಟ್ಟಿಗೆ ದಸೇರಿ ತಂದಿದ್ದ ಕಣೇ" ಎಂದು ಆಂಟಿ ಸೆರಗಿಗೆ ಕೈ ಒರೆಸುತ್ತಾ ಬಂದರು, ಮುಖ ಅರಳಿತ್ತು. "ಈ ಸೆಕೆಗೆ ಹೊರಗಿಟ್ರೆ ಒಂದೇ ದಿನಕ್ಕೆ ಕೊಳೀತವೆ. ಅದಕ್ಕೆ ನಿನ್ನವನ್ನ ಮೇಲಿಟ್ಟೆ. ಮಂಜಿನಲ್ಲೇ ಹುಟ್ಟಿ ಬೆಳೆದವು, ಅವಕ್ಕೆ ಅಲ್ಲೇ ಸುಖ ಅಂದ್ಕೊಂಡೆ. ಐಸಿನ ಟ್ರೇ ಎರಡೂ ತೆಗೆದುಬಿಟ್ಟೆ, ಬಂದವರಿಗೆ ತಣ್ಣೀರು ಸಹ ಕೊಡೋಕಾಗ್ಲಿಲ್ಲ."

ರಬ್ಬರ್ ಬ್ಯಾಂಡು ಬಿಡಿಸಿ ಫ್ರೀಜರ್ ತೆಗೆದೆ. ಬಾಟಲಿಗಳು ಸಾಲಾಗಿ, ಜೋಪಾನವಾಗಿ ಮಲಗಿದ್ದವು. ಒಂದು ಬಾಟಲಿ ಸೀಳಿಹೋಗಿತ್ತು. ಉಳಿದವುಗಳಲ್ಲಿ ಮಬ್ಬು ಬಿಳಿಯ ಮಂಜು.

ಆ ಕ್ಷಣ ನನಗೆ ಬಂದ ಕೋಪಕ್ಕೆ ಆಂಟಿಯ ಮೇಲೆ ಏನೆಲ್ಲ ಹಾರಾಡುತ್ತಿದ್ದೆನೋ. ಆದರೆ ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು. "ತಪ್ಪಾಯ್ತಾ?" ಎಂದರು. "ಇಡಬಾರದಿತ್ತಾ?" ನಾನು ತಲೆಯಾಡಿಸಿದೆ. "ಸತ್ತುಹೋದವಾ?" ಆಂಟಿ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು. ಅಂಕಲ್ ಬೀಸಣಿಗೆ ಬೀಸುವುದನ್ನು ನಿಲ್ಲಿಸಿದರು. ಹಡಗಿನ ವಿಷಯ ಇಬ್ಬರಿಗೂ ಗೊತ್ತಿತ್ತು. ನಾನೇ ದಿನಾ ಕೊರೆದಿದ್ದೆನಲ್ಲ.

ಬಿಸಿ ಮಾಡಿ ಕರಗಿಸಬಾರದು ಎಂಬಷ್ಟು ಬುದ್ಧಿ ನನಗಿತ್ತು. ಒಂದು ಗೂಡಿನ ಮಾವು ಹೊರಗೆ ಹಾಕಿ ಬಾಟಲಿಗಳನ್ನು ಅಲ್ಲಿಟ್ಟು, ಆ ಚಳಿಯಲ್ಲೇ ತಾವಾಗಿ ಕರಗಲು ಬಿಟ್ಟೆ. ಮರುದಿನ ಬೆಳಿಗ್ಗೆ ನೀರಾಗಿದ್ದವು. ಮತ್ತೆ ಬರ್ಫು, ಮತ್ತೆ ಟವೆಲು, ಮತ್ತೆ ಆಟೋ. ಲ್ಯಾಬಿಗೆ ಕರೆಂಟು ಬಂದಿತ್ತು.

ಪಾಚಿ ಸತ್ತಿದೆಯೋ ಬದುಕಿದೆಯೋ ನೋಡುವ ಒಂದು ಉಪಾಯ ನಮ್ಮಲ್ಲಿದೆ. ಕೋಣೆಯ ದೀಪ ಆರಿಸಿ, ಸೂಕ್ಷ್ಮದರ್ಶಕದಲ್ಲಿ ನೀಲಿ ಬೆಳಕು ಬಿಡುವುದು. ಜೀವವಿರುವ ಕೋಶದ ಹಸಿರು ಆ ಬೆಳಕಿಗೆ ಕೆಂಪಗೆ ಹೊಳೆಯುತ್ತದೆ. ಸತ್ತದ್ದು ಹೊಳೆಯದು. ಮೊದಲ ಹನಿ ಇಟ್ಟು ಕಣ್ಣು ಒತ್ತಿದೆ. ಮುಳ್ಳಿನವು ಮುರಿದುಬಿದ್ದಿದ್ದವು, ಬರೀ ನೆರಳು. ಸ್ಲೈಡನ್ನು ಸರಿಸಿದೆ. ನೆರಳು. ಇನ್ನೂ ಸರಿಸಿದೆ. ಹನಿಯ ಅಂಚಿನಲ್ಲಿ ಏನೋ ಮಿನುಗಿತು. ಫೋಕಸ್ ತಿರುಗಿಸಿದೆ. ಒಂದು ರಿಬ್ಬನ್, ಕೆಂಡದ ಹಾಗೆ. ಅದರ ಪಕ್ಕ ಇನ್ನೊಂದು. ಕೆಳಗೆ ಮೂರು ಒಟ್ಟಿಗೆ. ಎಷ್ಟು ಜೋರಾಗಿ ಕೂಗಿದೆನೆಂದರೆ ಪಕ್ಕದ ಕೋಣೆಯ ಬಿಹಾರಿ ಹುಡುಗ ಹಲ್ಲಿ ಬಿತ್ತೆಂದುಕೊಂಡು ಪೊರಕೆ ಹಿಡಿದು ಓಡಿ ಬಂದ. ಅವನನ್ನೇ ಹಿಡಿದು ಕೂರಿಸಿ ತೋರಿಸಿದೆ. "ಲಾಲ್ ಹೈ" ಎಂದ, ಕೆಂಪಗಿದೆ ಎಂದು. ಅಷ್ಟು ಸಾಕಾಗಿತ್ತು ನನಗೆ.

ಮರುದಿನ ಘೋಷಾಲ್ ಸರ್ ಬಂದರು, ಕೈಯಲ್ಲಿ ಮದುವೆಯ ಸಿಹಿ, ಬಂಗಾಳಿಗಳ ಸಂದೇಶ್ ಡಬ್ಬಿ. ಹೇಗೆ ಹೇಳುವುದೆಂದು ನಾನು ಮಾತು ಜೋಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ, ಸರ್ ಬರುವ ದಿನವನ್ನು ನನ್ನ ಬಾಯಿಂದಲೇ ಕೇಳಿದ್ದ ವಿಶಾಲಾಕ್ಷಿ ಆಂಟಿ ಬಾಗಿಲಲ್ಲಿ ನಿಂತಿದ್ದರು. ಇಸ್ತ್ರಿ ಮಾಡಿದ ರೇಷ್ಮೆ ಸೀರೆ, ಹಣೆಯಲ್ಲಿ ದೊಡ್ಡ ಕುಂಕುಮ, ಹಿಂದೆ ಛತ್ರಿ ಹಿಡಿದ ಅಂಕಲ್. ನಾನು ಬಾಯಿ ತೆರೆಯುವ ಮೊದಲೇ ಅವರು ಸರ್ ಎದುರಿಗೆ ಹೋಗಿ ಕೈ ಮುಗಿದರು. ಅವರ ಹಿಂದಿ ಮೂವತ್ತು ವರ್ಷದಿಂದ ಸಬ್ಜಿಯವನೊಂದಿಗೆ ಹದವಾದದ್ದು, ಅದಕ್ಕೆ ವ್ಯಾಕರಣದ ಹಂಗಿರಲಿಲ್ಲ.

"ಸಾಬ್, ಗಲತಿ ಮೇರಾ ಹೈ. ಲಡಕೀ ಕಾ ನಹೀ. ಆಮ್ ರಖನೇ ಕೇ ಲಿಯೇ ಮೈನೇ ಊಪರ್ ರಖ್ ದಿಯಾ. ಉಸ್ಕೋ ಜಹಾಜ್ ಸೇ ಮತ್ ಉತಾರಿಯೇ."

ತಪ್ಪು ನನ್ನದು, ಮಾವು ಇಡಲು ನಾನೇ ಮೇಲಿಟ್ಟೆ, ಹುಡುಗಿಯನ್ನು ಹಡಗಿನಿಂದ ಇಳಿಸಬೇಡಿ. ನಾನಿನ್ನೂ ಹತ್ತಿಯೇ ಇಲ್ಲದ ಹಡಗಿನಿಂದ. ನನ್ನ ಕಣ್ಣು ಮಂಜಾಯಿತು. ಈ ಒಂದು ಮಾತು ಹೇಳಲು ಅವರು ಆ ಬಿಸಿಲಿನಲ್ಲಿ, ಜೀವನದಲ್ಲಿ ಕಾಲಿಡದ ವಿಶ್ವವಿದ್ಯಾಲಯಕ್ಕೆ, ಮೂರು ಗೇಟಿನಲ್ಲಿ ವಿಚಾರಿಸಿಕೊಂಡು ಬಂದಿದ್ದರು.

ಸರ್ ನನ್ನ ಕಡೆ ನೋಡಿದರು. ನಾನು ಎಲ್ಲವನ್ನೂ ಹೇಳಿದೆ, ಲ್ಯಾಬಿನ ಅರ್ಧ ಸತ್ತದ್ದು, ಮನೆಯ ಅರ್ಧ ಹೆಪ್ಪುಗಟ್ಟಿದ್ದು, ಕೆಂಪು ರಿಬ್ಬನ್ನುಗಳು. ಹೆಪ್ಪುಗಟ್ಟಿದ್ದು ಎಂದಾಗ ಅವರ ಹುಬ್ಬು ಗಂಟಿಕ್ಕಿತು. ಕೆಂಪು ಎಂದಾಗ ಎದ್ದೇಬಿಟ್ಟರು. ಸಂದೇಶ್ ಡಬ್ಬಿಯನ್ನು ಅಂಕಲ್ ಕೈಗೆ ಕೊಟ್ಟು, ಆಂಟಿಯ ಎದುರು ಕುರ್ಚಿ ಎಳೆದುಕೊಂಡು ಕೂತು, ಪೊಲೀಸಿನವರ ಹಾಗೆ ಪ್ರಶ್ನೆ ಕೇಳತೊಡಗಿದರು. ಯಾವತ್ತು ಇಟ್ಟಿರಿ? ಫ್ರೀಜರಿನ ಬಾಗಿಲು ಸರಿ ಮುಚ್ಚುತ್ತದೆಯೇ? ನಡುವೆ ಕರೆಂಟು ಎಷ್ಟು ಸಲ ಹೋಯಿತು? ಕರೆಂಟಿನ ಪ್ರಶ್ನೆಗೆ ಅಂಕಲ್ ಗಂಟಲು ಸರಿಮಾಡಿಕೊಂಡು ಮುಂದೆ ಬಂದು, ಮಂತ್ರಿಗಳಿಗೆ ವರದಿ ಒಪ್ಪಿಸುವವರಂತೆ ನಿಂತು ಹೇಳಿದರು.

"ನಿಧಾನವಾಗಿ" ಎಂದರು ಸರ್, ತಮಗೆ ತಾವೇ. "ತುಂಬಾ ನಿಧಾನವಾಗಿ ಹೆಪ್ಪುಗಟ್ಟಿದೆ." ಆಮೇಲೆ ನಮಗೆಲ್ಲ ವಿವರಿಸಿದರು. ಸಮುದ್ರವೂ ಹೀಗೇ ಹೆಪ್ಪುಗಟ್ಟುವುದಂತೆ. ನೀರು ಗಟ್ಟಿಯಾಗುತ್ತಾ ತನ್ನೊಳಗಿನ ಉಪ್ಪನ್ನು ಪಕ್ಕಕ್ಕೆ ತಳ್ಳುತ್ತದೆ. ಆ ಗಾಢ ಉಪ್ಪುನೀರು ಮಂಜಿನ ಸಂದಿಗೊಂದಿಗಳಲ್ಲಿ ನೀರಾಗಿಯೇ ಉಳಿಯುತ್ತದೆ. ರಿಬ್ಬನ್ನಿನವು ಧ್ರುವದ ಚಳಿಗಾಲವನ್ನು ಕಳೆಯುವುದು ಅಂಥ ಸಂದಿಗಳಲ್ಲೇ. ಮುಳ್ಳಿನವಕ್ಕೆ ಆ ವಿದ್ಯೆ ಗೊತ್ತಿಲ್ಲ. ಮುರುಕು ಬಾಗಿಲ ಆ ಫ್ರೀಜರು, ಹೋಗಿ ಬರುವ ಆ ಕರೆಂಟು, ಎರಡೂ ಸೇರಿ ವಸಂತ್ ಕುಂಜಿನಲ್ಲಿ ಒಂದು ಚಳಿಗಾಲವನ್ನೇ ಮಾಡಿಟ್ಟಿದ್ದವು.

"ಹಾಗಾದರೆ ಬದುಕಿವೆ ಅಲ್ವಾ ಸರ್?" ಎಂದೆ.

"ಕೆಂಪಗೆ ಹೊಳೆದ ಮಾತ್ರಕ್ಕೆ ಬದುಕಿದೆ ಎನ್ನಲಾಗದು. ಸತ್ತ ಹೊಸದರಲ್ಲಿಯೂ ಒಮ್ಮೊಮ್ಮೆ ಹೊಳೆಯುತ್ತದೆ. ಬೆಳೆಯಬೇಕು. ಬೆಳೆದರೆ ಮಾತ್ರ ನಾನು ಹೆಸರು ಬರೆಯುತ್ತೇನೆ." ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗಾಯಿತು.

ಅಷ್ಟರಲ್ಲಿ ಬಂಬಯಿಯ ಕಂಪ್ರೆಸರ್ ಬಂದು ಶೀತಪೆಟ್ಟಿಗೆ ಮತ್ತೆ ಗುಂಯ್ ಎನ್ನತೊಡಗಿತು. ಉಳಿದ ನೀರನ್ನು ಹೊಸ ಬಾಟಲಿಗಳಿಗೆ ಸ್ವಲ್ಪ ಸ್ವಲ್ಪ ಹಾಕಿ, ಸೋಸಿದ ಸಮುದ್ರದ ನೀರು ಸೇರಿಸಿ, ಬೆಳಕಿಗಿಟ್ಟೆವು. ಆ ದಿನಗಳನ್ನು ಹೇಗೆ ಕಳೆದೆನೋ. ಬಾಟಲಿ ಎತ್ತಿ ನೋಡುವುದು, ಬಿಳಿ ಕಾಗದದ ಮುಂದೆ ಹಿಡಿಯುವುದು, ಬಣ್ಣ ಬಂದಿದೆ ಅನಿಸುವುದು, ಕಿಟಕಿಯ ಹತ್ತಿರ ಹೋದರೆ ಬರೀ ನೀರು. ಸಂಜೆ ಮನೆಗೆ ಬಂದರೆ ಆಂಟಿ ಏನೂ ಕೇಳುತ್ತಿರಲಿಲ್ಲ, ತಟ್ಟೆ ಹಾಕುತ್ತಿದ್ದರು. ಮಾವಿನಹಣ್ಣನ್ನು ಮಾತ್ರ ಅವರು ಆಮೇಲೆ ಮುಟ್ಟಲಿಲ್ಲ. ಇವು ಬದುಕಿದ ಸುದ್ದಿ ಬರುವ ತನಕ ತಿನ್ನುವುದಿಲ್ಲ ಎಂದು ಹರಕೆ ಹೊತ್ತಿದ್ದಾರೆಂದು ಅಂಕಲ್ ಗುಟ್ಟಾಗಿ ಹೇಳಿದರು. ವರ್ಷವೆಲ್ಲ ದಸೇರಿಗಾಗಿ ಕಾಯುವ ಹೆಂಗಸು.

ಆಕಾಶ ಧೂಳಿನಿಂದ ಹಳದಿಯಾಗಿ, ಮಳೆ ಇವತ್ತು ಬರುತ್ತೆ ನಾಳೆ ಬರುತ್ತೆ ಎಂದು ಆಟ ಆಡಿಸುತ್ತಿದ್ದ ಒಂದು ಬೆಳಿಗ್ಗೆ ಪೆಟ್ಟಿಗೆ ತೆಗೆದೆ. ಸಾಲಿನ ಕೊನೆಯ ಬಾಟಲಿ ಬೇರೆ ಬಣ್ಣವಿತ್ತು. ಕಿಟಕಿಗೆ ಹಿಡಿದೆ. ತೆಳು ಕಂದು. ಪಕ್ಕದ್ದನ್ನು ಎತ್ತಿದೆ, ಅದೂ. ಎಲ್ಲಿ ಬೀಳಿಸಿಬಿಡುವೆನೋ ಎಂದು ಎರಡನ್ನೂ ಮೇಜಿನ ಮೇಲಿಟ್ಟು, ಕೈ ಕಟ್ಟಿಕೊಂಡು ದೂರ ನಿಂತೆ. ಸರ್ ಬಂದು ಮೂರು ಬಾಟಲಿಯಿಂದ ಮೂರು ಹನಿ ತೆಗೆದು ನೋಡಿದರು. ನೋಡಿಯೇ ನೋಡಿದರು.

"ಬರೀ ರಿಬ್ಬನ್" ಎಂದರು ಕಣ್ಣು ತೆಗೆಯದೆ. "ಒಂದೇ ಒಂದು ಮುಳ್ಳಿಲ್ಲ. ನಾವಿಬ್ಬರೂ ಕೊಳವೆ ಹಿಡಿದು ಕಣ್ಣು ಹಾಳು ಮಾಡಿಕೊಂಡೆವಲ್ಲ, ಆ ಕೆಲಸವನ್ನು ನಿಮ್ಮ ಆಂಟಿ ಮಾವಿನಹಣ್ಣಿಗೆ ಜಾಗ ಮಾಡುವಾಗ ಮಾಡಿ ಮುಗಿಸಿದ್ದಾರೆ." ಆಮೇಲೆ ಮುಖವೆತ್ತಿ, "ಅವರನ್ನು ಕರೆ. ನೋಡಬೇಕಾದವರು ಅವರು" ಎಂದರು.

ನಾನು ಆಂಟಿ ಮನೆಗೆ ಮಿಸ್ಡ್ ಕಾಲ್ ಕೊಡಲಿಲ್ಲ. ಪೂರ್ತಿ ಕಾಲ್ ಮಾಡಿದೆ. ಅವರು ಬರುವಾಗ ಮೊದಲ ಹನಿಗಳು ಬೀಳತೊಡಗಿದ್ದವು, ಅಂಕಲ್ ಛತ್ರಿ ಆವತ್ತು ಮೊದಲ ಸಲ ನೆನೆದಿತ್ತು. ಆಂಟಿ ಒಳಗೆ ಬಂದವರು ನನ್ನನ್ನಲ್ಲ, ಸರ್ ಅವರನ್ನೇ ಕೇಳಿದರು: "ಲಡಕೀ ಜಾಯೇಗೀ?"

"ಜಾಯೇಗೀ" ಎಂದರು ಸರ್. "ಇವತ್ತೇ ಹೆಸರು ಕಳಿಸ್ತೇನೆ."

ಆಂಟಿ ನನ್ನ ಗಲ್ಲ ಹಿಡಿದು ಜೋರಾಗಿ ಹಿಂಡಿದರು, ನೋವಾಗುವಷ್ಟು. ಅಂಕಲ್ ಆಚೆ ತಿರುಗಿ ಕನ್ನಡಕ ಒರೆಸಿಕೊಂಡರು. ನಾನು ದೀಪ ಆರಿಸಿ, ನೀಲಿ ಬೆಳಕು ಬಿಟ್ಟು, ಆಂಟಿಯನ್ನು ಸ್ಟೂಲಿನ ಮೇಲೆ ಕೂರಿಸಿದೆ. ಒಂದು ಕಣ್ಣು ಮುಚ್ಚಿ ಅಂದರೆ ಎರಡೂ ಮುಚ್ಚುತ್ತಿದ್ದರು. ಕೊನೆಗೆ ನಾನೇ ಅವರ ಎಡಗಣ್ಣಿನ ಮೇಲೆ ಅಂಗೈ ಇಟ್ಟು ಹಿಡಿದೆ. ಒಮ್ಮೆ ಸಿಕ್ಕಿತು ಅವರಿಗೆ. ಮೈ ಒಂದು ಸಲ ಜುಮ್ಮೆಂದದ್ದು ನನ್ನ ಅಂಗೈಗೆ ತಿಳಿಯಿತು. ಆಮೇಲೆ ಅಲುಗಾಡಲಿಲ್ಲ. ಕತ್ತಲೆಯಲ್ಲಿ ಕೆಂಪು ರಿಬ್ಬನ್ನುಗಳು ಹನಿಯ ತುಂಬ ತೇಲುತ್ತಿದ್ದಿರಬೇಕು. ಹೊರಗೆ ಮಳೆ ಕಿಟಕಿಗೆ ಹೊಡೆಯತೊಡಗಿತು, ಅವರು ಮುಖ ತೆಗೆಯಲಿಲ್ಲ.

"ಇದು ಅಲ್ಲಿಯ ನೀರೇನಾ, ರೇಣು?" ಎಂದರು.

"ಅಲ್ಲಿಯದೇ ಆಂಟಿ."

"ಅರವತ್ತೆರಡು ವರ್ಷ ಆಯ್ತು ನನಗೆ. ದುರ್ಗದಿಂದ ದೆಹಲಿ, ದೆಹಲಿಯಿಂದ ದುರ್ಗ, ಅಷ್ಟೇ ಓಡಾಡಿದ್ದು. ನಾನು ಇದುವರೆಗೂ ಸಮುದ್ರ ನೋಡಿರಲಿಲ್ಲ ಕಣೇ."

ನಾನು ಅವರ ಕಣ್ಣ ಮೇಲಿನ ಅಂಗೈ ತೆಗೆಯದೆ, ಇನ್ನೊಂದು ಕೈಯಲ್ಲಿ ಸ್ಲೈಡನ್ನು ಮೆಲ್ಲಗೆ ಸರಿಸುತ್ತಾ ಹೋದೆ, ಅವರಿಗೆ ಪೂರ್ತಿ ಕಾಣಲಿ ಎಂದು.